ನಡುವೆ ಕಟ್ಟಿದ ಗೋಣಿತಟ್ಟು

ಹೈದರಾಬಾದಿನ ಸಾಹುಕಾರರ ಕೋಳಿಮರಿ ಸಾಕಲು ಒಪ್ಪಿದಾಗ ಗುಂಡಗುರ್ತಿಯ ಜಾನಬಿ ಪಾಲಿನ ಮಾತನ್ನೇ ಎತ್ತಲಿಲ್ಲ. ಎತ್ತುವುದೇನಿದೆ? ಮರಿ ಕೊಟ್ಟವರಿಗೆ ಅರ್ಧ, ಸಾಕಿದವರಿಗೆ ಅರ್ಧ. ಅವಳ ಅಂಗಳದ ಜವಾರಿ ಕೋಳಿಗಳೂ ತಾಯಿಯ ಕಾಲದಲ್ಲಿ ಹಾಗೆ ಪಾಲಿಗೆ ಬಂದವುಗಳ ಸಂತಾನವೇ.

ಸಾಹುಕಾರರ ಆಳು ಶೌಕತ ಅಲಿ ಲಾರಿಯಲ್ಲಿ ಬಿಳಿ ಕೋಳಿಯ ಮರಿ ತಂದ, ತಿನ್ನಿಸಲು ದಾಣಿ ತಂದ, ಔಷಧ ತಂದ. “ಶೆಡ್ಡು ನಿಂದು, ದುಡಿತ ನಿಂದು. ಕೂಲಿ ಕೊಡ್ತೀವಿ ಖಾಲಾ,” ಎಂದ. ಪಾಲಿನ ಮೇಲೆ ಕೂಲಿಯೂ! ಎಂಥ ಉದಾರಿಗಳು ಎಂದುಕೊಂಡಳು ಜಾನಬಿ. ಮಗಳು ಸೈದಾನಬಿಯ ನಿಕಾ ಗೊತ್ತಾಗಿತ್ತು. ಬೀಗರಿಗೆ ಮಾತು ಕೊಟ್ಟುಬಿಟ್ಟಳು: ಕೋಳಿ ಊಟ, ಮನೆಯದೇ ಕೋಳಿ.

ಅವಳು ದಾಣಿಯ ಡಬ್ಬಿ ಬಾರಿಸಿದರೆ ಮರಿಗಳು ಓಡಿಬರುತ್ತಿದ್ದವು. ಬಲಿತ ಮೇಲೆ ಶೆಡ್ಡಿನ ನಡುವೆ ಗೋಣಿತಟ್ಟು ಕಟ್ಟಿ ಅರ್ಧ ಆಚೆ, ಅರ್ಧ ಈಚೆ ಮಾಡಿದಳು. ಲಾರಿ ಬಂತು.

“ಇದೇನು ಖಾಲಾ?”

“ನನ್ನ ಪಾಲು.”

ಶೌಕತ ನಕ್ಕ. “ಎಲ್ಲಿ ಪಾಲು? ಕೋಳಿ ಎಲ್ಲಾ ಸಾಹುಕಾರರವು.”

“ಹಂಗಂದ್ರ ನಡುವ ಒಂದಿಷ್ಟು ಮರಿ ಸತ್ತುವಲ್ಲ, ಅವು?”

“ಅವು ನಿನ್ನವು. ಅವುಗಳ ರೊಕ್ಕ ನಿನ್ನ ಕೂಲಿಯೊಳಗ ಹಿಡಕೊಂತೀವಿ.”

ಬದುಕಿದ್ದು ಅವರದು, ಸತ್ತದ್ದು ತನ್ನದು. ಜಾನಬಿ ಅದನ್ನೇ ಹಿಂದುಮುಂದು ತಿರುವಿ ನೋಡುವಷ್ಟರಲ್ಲಿ ಗೋಣಿತಟ್ಟಿನ ಆಚೆಯವೂ ಈಚೆಯವೂ ಒಂದೇ ಲಾರಿ ಏರಿದ್ದವು.

ಮರುದಿನ ಬಸ್ಸು ಹಿಡಿದು ಸೇಡಂಗೆ ಹೋದಳು. ಖಸಾಯಿ ಮಜೀದಸಾಬ ಎಷ್ಟೋ ವರ್ಷದಿಂದ ಅವಳ ಜವಾರಿ ಕೋಳಿ ಕೊಂಡವನು. ಅವನ ಅಂಗಡಿ ಮುಂದೆ ಪಂಜರದ ತುಂಬ ಬಿಳಿ ಕೋಳಿ. ಜಾನಬಿ ಬಳೆಗೈಯಿಂದ ಪಂಜರದ ತಗಡು ಬಡಿದಳು. ಅಷ್ಟೂ ಕೋಳಿ ಅವಳತ್ತ ನುಗ್ಗಿದವು.

“ಯಾ ಅಲ್ಲಾ, ಇವು ನನ್ನವು ಮಜೀದಭಾಯಿ!”

“ನನ್ನವು ಅಂತ ನಾನೂ ತಿಳದಿದ್ದೆ ಆಪಾ. ಮದಲ ಸಂತಿಗಿ ಹೋಗಿ, ಎದಿ ಮುಟ್ಟಿ ನೋಡಿ ಕೋಳಿ ತರ್ತಿದ್ದೆ. ಈಗ ಲಾರಿಯವ್ರು ಇಳಸಿ ಹೋಗ್ತಾರ. ರೇಟೂ ಅವ್ರೇ ಹೇಳ್ತಾರ. ನಾ ಬರೇ ಕೊಯ್ಯಾಂವ.”

“ಹಂಗಂದ್ರ ಶೌಕತನವೇನು?”

“ಅಂವ ಪಗಾರದಾಂವ.”

“ಸಾಹುಕಾರರವು?”

“ಅವ್ರನ್ನ ನೀ ನೋಡಿಯೇನು? ನಾನೂ ನೋಡಿಲ್ಲ.”

“ನಿಕಾದ ಊಟಕ್ಕರ ಕೊಡು.”

ಮಜೀದಸಾಬ ಮುಖ ಕೆಳಗೆ ಹಾಕಿದ. “ಕೋಡ್ಲಾದ ಸಿಮೆಂಟ್ ಕಾರ್ಖಾನಿ ಕ್ಯಾಂಟೀನಿಗಿ ಅಂತ ಲಾರಿಯವ್ರು ಹೇಳಿಟ್ಟಾರ. ನಿನಗ ಕೊಟ್ರ ನಾಳಿ ನನ್ನ ಅಂಗಡಿ ಮುಂದ ಲಾರಿ ನಿಲ್ಲಂಗಿಲ್ಲ.”

ಕೊಟ್ಟ ಮಾತು ಉಳಿಯಬೇಕಲ್ಲ. ನಿಕಾದ ದಿನ ಅಂಗಳದ ಜವಾರಿ ಕೋಳಿಗಳನ್ನೆಲ್ಲ, ಮೊಟ್ಟೆ ಇಡುತ್ತಿದ್ದವುಗಳನ್ನೂ ಬಿಡದೆ, ಕೊಯ್ಯಿಸಿದಳು. ಬೀಗರು ಬೆರಳು ಚೀಪಿದರು. “ಮನಿ ಕೋಳಿ ರುಚಿನೇ ಬ್ಯಾರೆ!” ಎಂದರು. ಮರುದಿನ ಮುಂಜಾನೆ ಅಂಗಳದಲ್ಲಿ ಒಂದೂ ಕೂಗಲಿಲ್ಲ. ಅಭ್ಯಾಸಬಲದಿಂದ ಹಿಡಿ ಜೋಳ ತಂದವಳು ಎಲ್ಲಿ ಚೆಲ್ಲುವುದೆಂದು ತಿಳಿಯದೆ ನಿಂತಳು.

ಮುಂದಿನ ವಾರ ಶೌಕತ ಹೊಸ ಮರಿ ತಂದ. “ಸಾಕ್ತಿಯೇನು ಖಾಲಾ, ವಾಪಸ್ ಒಯ್ಯಲ್ಯಾ?”

ಮರಿಗಳು ಚಿಂವ್ ಚಿಂವ್ ಎಂದವು. ಜಾನಬಿ ಒಳಗೆ ಹೋಗಿ ಗೋಣಿತಟ್ಟು ತಂದು, ಶೆಡ್ಡಿನ ನಡುವೆ ಮೊದಲಿನಂತೆಯೇ ಕಟ್ಟತೊಡಗಿದಳು.

“ಅದ್ಯಾಕ ಮತ್ತ?” ಎಂದ ಶೌಕತ.

“ಗೊತ್ತಿಲ್ಲಪಾ,” ಎಂದಳು ಜಾನಬಿ, ಗಂಟು ಬಿಗಿಯುತ್ತ. “ಇರ್ಲಿ.”