ಬಸಕ್ಕನ ಸೊಂಟದ ಕೀಲಿಕೈ

ಪೀಣ್ಯದ ಲೇತ್ ಕಾರ್ಖಾನೆಗಳ ಹಿಂದೆ ಸಾಲಾಗಿ ತಗಡಿನ ಕೋಣೆಗಳು. ಗುಲ್ಬರ್ಗ, ರಾಯಚೂರು ಕಡೆಯಿಂದ ದುಡಿಯಲು ಬಂದವರು ಅಲ್ಲಿ ಬಾಡಿಗೆಗಿದ್ದರು. ಆ ಓಣಿಗೆ ಪಾಯಖಾನೆ ಇರಲಿಲ್ಲ. ಹೆಂಗಸರು ಹೊತ್ತು ಮುಳುಗುವುದನ್ನೇ ಕಾಯ್ದು, ತಂಬಿಗೆ ಹಿಡಿದು ಹಿಂದಿನ ಖಾಲಿ ಜಾಗಕ್ಕೆ ಹೋಗಬೇಕು. ಹಾವಿನ ಭಯ, ಕುಡುಕರ ಭಯ, ಲಾರಿಯ ದೀಪ ಮೈಮೇಲೆ ಬೀಳುವ ಭಯ. ಯಾರ ಹತ್ತಿರವಾದರೂ ಹೇಳಿಕೊಳ್ಳೋಣವೆಂದರೆ ನಾಚಿಕೆ.

ಕೊನೆಗೆ ಒಂದು ಸಂಸ್ಥೆಯವರು ಪರದೇಶದಿಂದ ಧನಸಹಾಯ ತಂದು ನಾಲ್ಕು ಪಾಯಖಾನೆ ಕಟ್ಟಿಸಿದರು. ನೀಲಿ ಬಾಗಿಲು, ಬಿಳಿ ಟೈಲ್ಸು! ಕೀಲಿಕೈ ಅದೇ ಓಣಿಯ ಬಸಕ್ಕನ ಕೈಗೆ ಬಂತು. ತೊಳೆಯುವುದಕ್ಕೆ ಸಂಬಳವೂ ಬಂತು. ಆದರೆ ಆ ಹಣ ಯುಗಾದಿಯವರೆಗೆ ಮಾತ್ರ. ಅದಕ್ಕೆ ಮುಂಚೆ ಹಣ ಕೊಟ್ಟವರ ಕಡೆಯವರು ಕೆಲಸ ನೋಡಲು ಬರುತ್ತಾರೆ ಎಂದು ಹೇಳಿದ್ದರು.

ಎಡವಟ್ಟಾಗಿದ್ದು ಇಲ್ಲೇ ನೋಡಿ. ಬಂದವರು ಹೊಲಸು ಕಂಡರೆ ಮುಂದೆ ಒಂದು ಕಾಸೂ ಕೊಡುವುದಿಲ್ಲ ಎಂದು ಹೆದರಿ ಬಸಕ್ಕ ನಾಲ್ಕೂ ಬಾಗಿಲಿಗೆ ಬೀಗ ಜಡಿದಳು! ಓಣಿಯವರೂ ಹೌದೌದು ಎಂದು ತಲೆಯಾಡಿಸಿದರು. ಬರುವವರು ಇವತ್ತೂ ಬರಲಿಲ್ಲ, ನಾಳೆಯೂ ಬರಲಿಲ್ಲ. ದಸರೆ ಹೋಯಿತು, ಸಂಕ್ರಾಂತಿ ಹೋಯಿತು. ಹೆಂಗಸರು ಮತ್ತೆ ತಂಬಿಗೆ ಹಿಡಿದು ಬಯಲಿಗೆ ನಡೆದರು.

ಅದೇ ಹೊತ್ತಿಗೆ ಬಸಕ್ಕನ ಮಗಳು ಶರಣಮ್ಮ ಚೊಚ್ಚಲ ಹೆರಿಗೆಗೆಂದು ಹೂಡಿಯ ಗಂಡನ ಮನೆಯಿಂದ ತವರಿಗೆ ಬಂದಳು. ಕತ್ತಲಲ್ಲಿ ಹೋಗುವುದಕ್ಕೆ ಹೆದರಿ ಹುಡುಗಿ ನೀರು ಕುಡಿಯುವುದನ್ನೇ ಬಿಟ್ಟಳು. ತುಟಿ ಒಡೆಯಿತು, ಉರಿಮೂತ್ರ ಶುರುವಾಯಿತು, ಎದ್ದರೆ ತಲೆಸುತ್ತು. “ಹಿಂಗೇ ಆದ್ರೆ ತಾಯಿಗೂ ಕಷ್ಟ, ಮಗೂಗೂ ಕಷ್ಟ” ಎಂದು ನರ್ಸಮ್ಮ ಹೇಳಿ ಹೋದ ಮೇಲಂತೂ ಬಸಕ್ಕನಿಗೆ ಊಟವೇ ಸೇರಲಿಲ್ಲ.

ಪಕ್ಕದ ಕೋಣೆಯ ಮಹಾದೇವಿ ಮಹಿಳಾ ಸಂಘದವಳು. ಅನ್ನಿಸಿದ್ದನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳುವ ಹೆಂಗಸಲ್ಲ.

“ಬಸಕ್ಕಾ, ಸೊಂಟದಾಗ ಕೀಲಿಕೈ ಇಟ್ಕೊಂಡು ಬಸುರಿ ಮಗಳನ್ನ ಬಯಲಿಗೆ ಕಳಸ್ತೀಯಲ್ಲ! ಆ ಪಾಯಿಖಾನಿ ಇಟ್ಕೊಂಡು ಉಪ್ಪಿನಕಾಯಿ ಹಾಕ್ತೀಯೇನ?”

“ಅಕಿ ಒಬ್ಬಾಕಿಗೆ ತೆಗೆದ್ರ ಮಂದಿ ಸುಮ್ನ ಬಿಡ್ತಾರೇನವಾ? ಎಲ್ಲಾರಿಗೂ ತೆಗೆದ್ರ ಹೊಲಸಾಗ್ತದ. ಹೊಲಸಾದ್ರ ರೊಕ್ಕ ನಿಲ್ಲಸ್ತಾರ.”

“ರೊಕ್ಕ ಹೆಂಗೂ ಯುಗಾದಿಗೆ ನಿಲ್ತದ. ಬಂದವ್ರ ಮುಂದ ಇದ್ದದ್ದು ಇದ್ದಂಗ ಹೇಳೋಣು.”

“ಇದ್ದದ್ದು ಇದ್ದಂಗ ಹೇಳಿದ್ರ ಎದ್ದು ಬಂದು ಎದಿಗೆ ಒದ್ರಂತ! ನೀ ಸುಮ್ನಿರು.”

ಒಂದು ಮಧ್ಯಾಹ್ನ ಹಣ ಕೊಟ್ಟವರ ಕಡೆಯ ಉಮಾಶ್ರೀ ಮೇಡಂ ಬಂದೇಬಿಟ್ಟರು. ಹಿಂದಿನ ದಿನವೇ ಸುದ್ದಿ ಸಿಕ್ಕಿದ್ದರಿಂದ ಬಸಕ್ಕ ಆಗಲೇ ಬೀಗ ತೆಗೆದು, ಫಿನೈಲ್ ಹಾಕಿ ತೊಳೆದು, ಬಾಗಿಲ ಮುಂದೆ ರಂಗೋಲಿ ಹಾಕಿ ನಿಂತಿದ್ದಳು. ಮೇಡಂ ಒಳಗೆಲ್ಲ ನೋಡಿದರು. ಟೈಲ್ಸು ಫಳಫಳ ಹೊಳೆಯುತ್ತಿತ್ತು.

“ಚೆನ್ನಾಗಿಟ್ಟಿದ್ದೀರ. ದಿನಾ ಯಾರ್ಯಾರು ಬರ್ತಾರೆ?”

“ಎಲ್ಲಾರೂ ಬರ್ತಾರ್ರೀ ಮೇಡಂ.”

ಮಾತು ಮುಗಿದಿರಲಿಲ್ಲ, ಶರಣಮ್ಮ ಗೋಡೆ ಹಿಡಿದುಕೊಂಡು ಮೆಲ್ಲಗೆ ಬಂದಳು. ಕೈಯಲ್ಲಿ ತಂಬಿಗೆ.

“ಯವ್ವಾ, ಇವತ್ತರ ಕೀಲಿ ತೆಗೆದೀಯಲ್ಲ. ಒಮ್ಮಿ ಹೋಗಿ ಬರ್ಲೇನ? ಮುಂಜಾನಿಂದ ತಡಕೊಂಡೀನಿ.”

ಬಸಕ್ಕನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮಗಳ ಒಣಗಿದ ತುಟಿ ನೋಡಿದಳು. ಇನ್ನು ತಡೆಯಲಾಗಲಿಲ್ಲ.

“ಹೋಗವಾ, ಹೋಗಿ ಬಾ” ಎಂದವಳೇ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಮೇಡಂ, ನಾ ಸುಳ್ಳು ಹೇಳಿದೆರೀ. ಯಾರೂ ಬರಂಗಿಲ್ಲ. ನಿಮಗ ತೋರ್ಸಾಕಂತ ಕೀಲಿ ಹಾಕಿಟ್ಟೀನ್ರೀ.”

ಮೇಡಂ ಬೈಯಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತರು.

“ನೋಡಿ ಬಸಕ್ಕ, ಗೋಡೆ ನೋಡೋದಾಗಿದ್ರೆ ಫೋಟೋ ತರಿಸ್ಕೊಂಡು ಸುಮ್ನಾಗ್ತಿದ್ದೆ. ಇದು ಯಾರಿಗೆ ಉಪಯೋಗ ಆಯ್ತು, ಆಗ್ದಿದ್ರೆ ಯಾಕೆ ಆಗ್ಲಿಲ್ಲ, ಹಣ ನಿಂತ ಮೇಲೆ ಯಾರು ನೋಡ್ಕೋತಾರೆ, ಇಷ್ಟು ಕೇಳೋಕೆ ಬಂದೆ. ನೀವು ಮುಚ್ಚಿಟ್ಟಿದ್ರೆ ನಾನು ಎಲ್ಲಾ ಚೆನ್ನಾಗಿದೆ ಅಂತ ಬರೆದು ಹೋಗ್ತಿದ್ದೆ. ನಿಮ್ಮ ಮಗಳು ಬಯಲಿಗೇ ಹೋಗ್ತಿದ್ಲು. ತಪ್ಪು ನಿಮ್ಮೊಬ್ಬರದೇ ಅಲ್ಲ ಬಿಡಿ. ಮುಂದೆ ಹೆಂಗೆ ಅಂತ ಕಟ್ಟೋ ಮುಂಚೆನೇ ಎಲ್ರೂ ಕೂತು ಮಾತಾಡ್ಬೇಕಿತ್ತು.”

ಕಾರ್ಖಾನೆ ಬಿಟ್ಟ ಮೇಲೆ ಓಣಿಯವರೆಲ್ಲ ಸೇರಿದರು. ಬಸಕ್ಕನ ಗಂಡ ಮರೆಪ್ಪನಿಗೆ ಇನ್ನೂ ಅನುಮಾನ.

“ಸಂಬಳ ಇಲ್ದ ಯಾರು ತೊಳೀತಾರ?”

“ಕಾರ್ಖಾನ್ಯಾಗ ಪಾಳಿ ಮ್ಯಾಲೆ ದುಡೀತೀಯಲ್ಲ ಮರೆಪ್ಪಣ್ಣ?” ಎಂದಳು ಮಹಾದೇವಿ. “ಇಲ್ಲೂ ಪಾಳಿ ಹಚ್ಚೋಣು. ವಾರಕ್ಕೊಂದು ಮನಿ. ಗಂಡಸ್ರೂ ಪೊರಕಿ ಹಿಡೀಬೇಕು ಮತ್ತ!”

ಎಲ್ಲರೂ ನಕ್ಕರು, ಮರೆಪ್ಪನೂ ನಕ್ಕ. ರಿಪೇರಿಗೆಂದು ಮನೆಮನೆಯಿಂದ ಸಂಘದಲ್ಲಿ ಸ್ವಲ್ಪ ಸ್ವಲ್ಪ ಕೂಡಿಡುವುದು ಎಂದಾಯಿತು. ನಲ್ಲಿ ನೀರಿಗೆ ಕೋಣೆಗಳ ಮಾಲೀಕರನ್ನು ಒಪ್ಪಿಸಿದರು. ಗುಂಡಿ ತುಂಬಿದರೆ ಯಾರನ್ನು ಕರೆಯಬೇಕು ಎಂಬುದನ್ನು ಸಂಸ್ಥೆಯವರು ಹೋಗುವ ಮುಂಚೆಯೇ ತೋರಿಸಿಕೊಟ್ಟರು.

ಯುಗಾದಿ ಬಂತು, ಹಣ ನಿಂತಿತು. ಪಾಯಖಾನೆ ನಿಲ್ಲಲಿಲ್ಲ. ಮೊದಲಿನ ಹೊಳಪು ಈಗಿಲ್ಲ, ಒಂದು ಬಾಗಿಲ ಚಿಲಕವೂ ಕಿತ್ತುಬಂದಿತ್ತು, ಮರೆಪ್ಪನೇ ಕೂತು ಸರಿಮಾಡಿದ. ಹಬ್ಬದ ದಿನ ತುಂಬು ಬಸುರಿ ಶರಣಮ್ಮ ಹೋಳಿಗೆ ತಿಂದು, ತಂಬಿಗೆ ಎತ್ತಿ ಗಟಗಟ ನೀರು ಕುಡಿದಳು. “ಇನ್ನೊಂದೀಟು ಕೊಡಬೇ” ಎಂದಳು. ಬಸಕ್ಕ ಓಡಿ ಹೋಗಿ ಕೊಡದಿಂದ ತುಂಬಿ ತಂದಳು.

ಅಕ್ಕ ಅಣ್ಣಂದಿರೇ, ನಿಮ್ಮ ಓಣಿಯಲ್ಲೂ ಯಾರೋ ಹಣ ಕೊಟ್ಟು ಕಟ್ಟಿಸಿದ್ದು ಏನಾದರೂ ಇದ್ದೀತು. ಅದರ ಬಾಗಿಲು ಈಗ ತೆರೆದಿದೆಯೇ? ಇವತ್ತೇ ಹೋಗಿ ನೋಡಿ. ನೋಡಲು ಬಂದವರ ಮುಂದೆ ಸರಿಯಿಲ್ಲದ್ದನ್ನೂ ಬಾಯಿಬಿಟ್ಟು ಹೇಳಿ. ಹಣ ಕೊಟ್ಟವರು ಒಂದು ದಿನ ಹೋಗುವವರೇ, ಮರುದಿನ ಪೊರಕೆ ಹಿಡಿಯುವವರು ಯಾರು ಎಂದು ಅವರು ಇರುವಾಗಲೇ ಮಾತಾಡಿಕೊಳ್ಳಿ.