ಬೇವಿಗೆ ಕಟ್ಟಿದ ಸೀರೆ

ಹತ್ತಿಕುಣಿಯ ಅಂಗನವಾಡಿ ಪಕ್ಕದ ಬೇವನ್ನು ಊರೆಲ್ಲ ಮರ ಅನ್ನುತ್ತಿತ್ತು. ದೇವಕಮ್ಮ ಮಾತ್ರ ‘ಅಕಿ’ ಅನ್ನುತ್ತಿದ್ದಳು. ಮೊಲೆಹಾಲು ಬಿಡುವ ಮೊದಲೇ ಜ್ವರ ಬಂದು ತೀರಿಹೋದ ಮಗಳು ಪಂಚಶೀಲಾಳನ್ನು ಅಲ್ಲಿ ಮಣ್ಣು ಮಾಡಿದ್ದರು. ಎಳೆಗೂಸಿನ ಮೇಲೆ ಕಲ್ಲು ಹೇರಬಾರದೆಂದು ಹಿರಿಯರು ಅಂದದ್ದಕ್ಕೆ ಗಂಡ ಹುಲಗಪ್ಪ ಬೇವಿನ ಸಸಿ ನೆಟ್ಟಿದ್ದ. ಆಗ ಅದು ಅವರದೇ ಹಿತ್ತಲು. ಮುಂದೆ ಅಂಗನವಾಡಿಗೆ ಜಾಗ ಬೇಕಾದಾಗ, ದೇವಕಮ್ಮ ಒಪ್ಪದೆ ಮರ ಕಡಿಯುವುದಿಲ್ಲ ಎಂದು ಊರ ಹಿರಿಯರಿಂದ ಮಾತು ತೆಗೆದುಕೊಂಡೇ ಗಂಡಹೆಂಡತಿ ಬಿಟ್ಟುಕೊಟ್ಟರು. ಅಕಿ ಹೂ ಬಿಟ್ಟಾಳ, ಅಕಿ ಸೊರಗ್ಯಾಳ ಎಂದು ದೇವಕಮ್ಮ ಹೇಳಿಕೊಂಡು ತಿರುಗುವಾಗ ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಜನ ನಗುತ್ತಿದ್ದರು. ನಗಲಿ ಬಿಡಿ, ಅವರ ಗಂಟೇನು ಹೋಗುತ್ತಿತ್ತು?

ಹೋದ ಬೇಸಿಗೆಯಲ್ಲಿ ಕರೆಂಟಿನ ತಂತಿಗೆ ತಾಗುತ್ತದೆಂದು ಆಳುಗಳು ಬಂದು ಒಂದು ಮಗ್ಗುಲಿನ ಕೊಂಬೆಗಳನ್ನೆಲ್ಲ ಸವರಿದರು. ಅದೇನು ಸವರುವುದೋ! ಕುರಿಯ ಉಣ್ಣೆ ಕತ್ತರಿಸುವವನೂ ಅದಕ್ಕಿಂತ ಮರ್ಯಾದೆಯಿಂದ ಕತ್ತರಿಸುತ್ತಾನೆ. ದೊಡ್ಡ ಕೊಂಬೆಯೊಂದು ಬೀಳುವಾಗ ಕಾಂಡದ ತೊಗಟೆಯನ್ನೂ ಸುಲಿದುಕೊಂಡು ಬಿತ್ತು.

ಕಡಿದ ಮರಗಳ ಯೋಗಕ್ಷೇಮ ನೋಡಲು ಯಾದಗಿರಿಯ ಅರಣ್ಯ ಇಲಾಖೆಯಿಂದ ತೌಫೀಕ್ ಬಂದ. ಗಾಯಕ್ಕೆ ಏನೂ ಹಚ್ಚಬೇಡಿ, ಗಾಳಿಗೆ ಬಿಡಿ, ತಾನೇ ಮಾಯುತ್ತದೆ ಅಂದ. ಬಿರುಕು ಬಿಟ್ಟರೆ, ಅಣಬೆ ಎದ್ದರೆ, ಮರ ವಾಲಿದರೆ ಫೋನ್ ಮಾಡಿರಿ ಅಂದ. ದೇವಕಮ್ಮ ಎಲ್ಲದಕ್ಕೂ ತಲೆ ಆಡಿಸಿದಳು.

ಆದರೆ ಕೂಸಿನ ಗಾಯವನ್ನು ಬಯಲಿಗೆ ಬಿಡುವ ತಾಯಿ ಎಲ್ಲಿದ್ದಾಳೆ? ಅವನು ಅತ್ತ ಹೋಗುತ್ತಲೇ ಸಗಣಿಗೆ ಕೆಮ್ಮಣ್ಣು ಕಲಸಿ, ಹುಲಗಪ್ಪನನ್ನು ಏಣಿ ಹತ್ತಿಸಿ, ಗಾಯಕ್ಕೆ ದಪ್ಪಗೆ ಮೆತ್ತಿಸಿದಳು. ಮೇಲೆ ತನ್ನ ಮೆತ್ತನೆಯ ಹಳೇ ಸೀರೆ ಸುತ್ತಿಸಿದಳು. ಮಳೆ ಹಿಡಿದಾಗ ಅಕಿ ತೋಯುತ್ತಾಳೆಂದು ಅದರ ಮೇಲೆ ಪ್ಲಾಸ್ಟಿಕ್ ಹಾಳೆಯನ್ನೂ ಬಿಗಿಸಿದಳು. ದಿನಾ ಬಂದು ನೋಡುವಳು. ಆಚೆ ಮಗ್ಗುಲಲ್ಲಿ ಕೆಂಪು ಚಿಗುರು ಒಡೆದಾಗ ಅವಳ ಖುಷಿಗೆ ಮೇರೆಯಿರಲಿಲ್ಲ. ಓಣಿಗೆಲ್ಲ ಬೆಲ್ಲ ಹಂಚಿದಳು.

ದಸರೆ ಮುಗಿದ ಮೇಲೆ ತೌಫೀಕ್ ಮತ್ತೆ ಬಂದು ಕಟ್ಟು ಬಿಚ್ಚಿದ. ನೀರು ಕುಡಿದು ಕೊಳೆತ ಸೀರೆಯ ಹಿಂದೆಯೇ ಕರಿ ಪುಡಿ ಉದುರಿತು. ಅಣಬೆಗಳು ಕಿವಿಯಂತೆ ಸಾಲಾಗಿ ಎದ್ದಿದ್ದವು. ಅವನು ಕೈ ಇಟ್ಟರೆ ಮುಂಗೈತನಕ ಒಳಗೆ ಹೋಯಿತು. ಅಲ್ಲಿಂದ ಹೊರಟ ಬಿರುಕು ಕಾಂಡದುದ್ದಕ್ಕೂ ಇಳಿದಿತ್ತು, ಮರ ಅಂಗನವಾಡಿಯ ತಗಡಿನ ಕಡೆ ವಾಲಿತ್ತು. ಒಂದು ಬಿರುಗಾಳಿ ಸಾಕು ಅಂದ. ಕೊಟ್ಟ ಮಾತು ನೆನಪಿದ್ದ ಊರ ಹಿರಿಯರು ದೇವಕಮ್ಮನ ಮುಖ ನೋಡಿದರು.

ಅವಳು ತೌಫೀಕನ ಹತ್ತಿರ ಬಂದಳು. “ನಾ ಕಟ್ಟಿದ್ದಕ್ಕ ಹಿಂಗಾತೇನಪಾ?”

ಅವನು ಆ ಕೊಳೆತ ಸೀರೆಯನ್ನೇ ಮಡಚತೊಡಗಿದ. ದೇವಕಮ್ಮನಿಗೆ ಅಷ್ಟರಲ್ಲೇ ತಿಳಿಯಿತು. ಮಗಳು ಎರಡನೇ ಸಲವೂ ತನ್ನ ಕೈಯಲ್ಲೇ ಹೋದಳಲ್ಲ ಅನ್ನಿಸಿತು.

ಕಿಟಕಿಯಾಚೆ ಮಕ್ಕಳು ಊಟ ಮಾಡಿ ಚಾಪೆಯ ಮೇಲೆ ಅಡ್ಡಾದಿಡ್ಡಿ ಮಲಗಿದ್ದವು. ದೇವಕಮ್ಮ ಬಹಳ ಹೊತ್ತು ನೋಡಿದಳು.

“ಕಡೀರಿ,” ಅಂದಳು. “ಮಂದಿ ಕೂಸುಗಳು ಮಲಗ್ಯಾವ. ಬೇರಿಗೆ ಮಾತ್ರ ಕೈ ಹಚ್ಚಬ್ಯಾಡ್ರಿ.”

ಮಾರನೇ ದಿನ ಮಧ್ಯಾಹ್ನದೊಳಗೆ ಮರ ಹೋಯಿತು, ಆಳುಗಳೂ ಹೋದರು. ಇಷ್ಟು ವರ್ಷ ನೆರಳೇ ಕಂಡಿದ್ದ ನೆಲದ ಮೇಲೆ ಬಿಸಿಲು ಬಂದು ಬಿತ್ತು. ಹುಲಗಪ್ಪ ಉಣ್ಣಲು ಕರೆಯಲು ಬಂದಾಗ ದೇವಕಮ್ಮ ಬೊಡ್ಡೆಯ ಪಕ್ಕ, ಸೂರ್ಯನಿಗೆ ಬೆನ್ನು ಕೊಟ್ಟು, ಸೆರಗನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ಕೂತಿದ್ದಳು. ಅವನು ಎಷ್ಟು ಕರೆದರೂ ಏಳಲಿಲ್ಲ.

“ನೀ ಉಣ್ಣು ಹೋಗು,” ಅಂದಳು. “ಕೂಸಿನ ಮ್ಯಾಲ ಬಿಸಲ ಬೀಳಾಕತ್ತದ.”

ಹೊತ್ತು ವಾಲಿದಂತೆ ಅವಳೂ ಇಷ್ಟಿಷ್ಟೇ ಸರಿದು ಕೂತಳು.