ಹಾಲಿನ ತಟ್ಟೆಯಲ್ಲಿ ಬಾರದ ಉಂಗುರ

ಮೂರನೇ ವಾರವೂ ಬೂಷ್ಟು ಬೆಳೆಸುವ ತಟ್ಟೆಗಳು ಕೈಕೊಟ್ಟವು. ಪಶುರೋಗ ಪ್ರಯೋಗಾಲಯದವರೆಲ್ಲ ಅವಳನ್ನು ಬೂಷ್ಟು ಮೇಡಂ ಎಂದೇ ಕರೆಯುತ್ತಿದ್ದರು. ಈಗ ಆ ಹೆಸರಿಗೂ ಸಂಚಕಾರ ಬಂದಿತ್ತು. ದನದ ಫಾರಂನ ರೋಗದ ಕರುಗಳ ಚರ್ಮದಿಂದ ಕೆರೆದು ತಂದ ಹೊಟ್ಟನ್ನು ಹಾಲು ಬೆರೆಸಿದ ಜೆಲ್ಲಿಯ ಮೇಲೆ ಉದುರಿಸಿ, ತಂಪು ಪೆಟ್ಟಿಗೆಯಲ್ಲಿಟ್ಟಿದ್ದಳು. ಬೂಷ್ಟು ರೋಗ ತರುವಂಥದ್ದಾದರೆ ಅದರ ಕಿಣ್ವ ಹಾಲನ್ನು ಕರಗಿಸಿ ಸುತ್ತಲೂ ಒಂದು ತಿಳಿ ಉಂಗುರ ಬಿಡಬೇಕು. ಉಂಗುರ ಹಾಳಾಗಿ ಹೋಗಲಿ, ಬೂಷ್ಟೇ ಸಾಸಿವೆಕಾಳಿನಷ್ಟು ಬೆಳೆದು ಮುಷ್ಕರ ಹೂಡಿ ಕೂತಿತ್ತು.

"ಇದೇನು ರೋಗ ತರುತ್ತಮ್ಮ? ಬಡಪಾಯಿ ಬೂಷ್ಟು," ಎಂದರು ಸಾಹೇಬರು, ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು. "ನಿರಪಾಯ ಅಂತ ನಾಳೆ ಬರೆದು ಕಳಿಸ್ತೀನಿ. ಕರುಗಳನ್ನ ಮಂದೆಗೆ ಬಿಡಲಿ."

"ಸರ್, ಹನ್ನೊಂದು ಕರುಗಳ ಮುಖದಲ್ಲಿ ಕೂದಲೇ ಇಲ್ಲ. ಬಿಟ್ರೆ ಇಡೀ ಮಂದೆಗೆ ಅಂಟುತ್ತೆ."

"ಉಂಗುರ ತೋರಿಸು, ಒಪ್ಕೋತೀನಿ."

ಎಲ್ಲಿಂದ ತೋರಿಸುವುದು? ಅವಳಿಗೆ ಮೈಯೆಲ್ಲ ಉರಿಯಿತು. ಸಗಣಿ ತುಳಿದು, ಕರುಗಳ ಒದೆ ತಿಂದು ದುಡಿದದ್ದೆಲ್ಲ ಮಣ್ಣುಪಾಲಾಗಿತ್ತು.

ಸಂಜೆ ಮನೆಗೆ ಬಂದವಳೇ ಚೀಲವನ್ನು ಕುರ್ಚಿಗೆ ಎಸೆದು, ಕೈಗಡಿಯಾರ ಬಿಚ್ಚಿ, ಮಣಿಕಟ್ಟನ್ನು ಪರಪರ ಕೆರೆದುಕೊಂಡಳು. ನಾಲ್ಕು ದಿನದಿಂದ ಇದೇ ಪಾಡು. ಗಡಿಯಾರದ ಪಟ್ಟಿಯನ್ನು ಬೈದು ಸುಮ್ಮನಾಗಿದ್ದಳು.

ಅಮ್ಮ ಅವಳ ಕೈ ಹಿಡಿದು ಎಳೆದಳು. "ಪಟ್ಟಿಯಂತೆ ಪಟ್ಟಿ! ಗಜಕರ್ಣ ಕಣೇ ಇದು. ನೋಡು, ಉಂಗುರ ಹೇಗೆ ಎದ್ದಿದೆ."

ಉಂಗುರ! ಕರುಗಳನ್ನು ಮುಟ್ಟುವಾಗ ಹಾಕುತ್ತಿದ್ದ ಕೈಗವಸು ಮುಗಿಯುವಲ್ಲೇ, ಕೆಂಪಗೆ, ದುಂಡಗೆ.

"ಬೂಷ್ಟು ತಂಪಲ್ಲಿ ತಾನೇ ಬೆಳೆಯೋದು? ನನ್ನ ಬಿಸಿ ಮೈಮೇಲೆ ಹೇಗೆ..." ಬೂಷ್ಟು ಎಂದರೆ ತಂಪು ಎಂದು ಕಾಲೇಜಿನಲ್ಲಿ ಕಲಿತದ್ದನ್ನು ಕಣ್ಣುಮುಚ್ಚಿ ನಂಬಿದ್ದಳು. ಇದೋ, ಕರುವಿನ ಮೈಶಾಖದಲ್ಲಿ ಹಾಯಾಗಿದ್ದ ಬೂಷ್ಟು. ಅದನ್ನು ಮೂರು ವಾರ ತಂಪಿನಲ್ಲಿ ಕೊಳೆಹಾಕಿ, ಬೆಳೆಯಲಿಲ್ಲವೆಂದು ಹಿಡಿಶಾಪ ಹಾಕಿದ್ದಳು. ತನ್ನ ಪೆದ್ದುತನಕ್ಕೆ ಅವಳಿಗೆ ಅಳುವೇ ಬಂತು.

ಮರುದಿನ ಬೆಳಿಗ್ಗೆ ಹೊಸ ತಟ್ಟೆಗಳನ್ನು ಬಿಸಿ ಪೆಟ್ಟಿಗೆಗೆ ಸೇರಿಸಿದಳು. ಅವು ಬೆಳೆಯಲು ಇನ್ನೂ ವಾರಗಳು ಬೇಕು. ಅತ್ತ ಸಾಹೇಬರು ಆಗಲೇ ಪೆನ್ನಿನ ಮುಚ್ಚಳ ತೆಗೆದಿದ್ದರು. ಅವಳು ಕೋಟಿನ ತೋಳನ್ನು ಮೇಲಕ್ಕೆ ಮಡಿಚಿ, ವರದಿಯ ಮೇಲೆಯೇ ಕೈಯಿಟ್ಟಳು.

"ಸರ್, ಉಂಗುರ. ಕರುಗಳದ್ದೇ."

ಸಾಹೇಬರು ಕುರ್ಚಿಸಮೇತ ಹಿಂದೆ ಸರಿದರು. "ಏಯ್, ಕೈ ತೆಗಿ! ಅಂಟುತ್ತೆ!"

"ಅದನ್ನೇ ಬರೀರಿ ಸರ್," ಎಂದಳು ಬೂಷ್ಟು ಮೇಡಂ.